ಲೆಕ್ಕಕ್ಕೆ ಬಾರದ ಕರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂತೋಷದ ದಿನ ಇದು. ಬೆಳಗಿನಿಂದ ಎಷ್ಟು ಲೀಟರ್ ಹಾಲು ಬಂತು, ಎಷ್ಟು ಬೋನಸ್ ಹಂಚಿದ್ದಾಯಿತು, ಕಟ್ಟಡ ಹೇಗೆ ಮೇಲೆದ್ದಿತು ಅಂತ ಕೇಳುತ್ತಾ ಇದ್ದೇವೆ. ಎಲ್ಲವೂ ಹೆಮ್ಮೆಪಡುವ ಮಾತುಗಳೇ. ನಮಗೆ ವಹಿಸಿರುವ ವಿಷಯ ಮಾತ್ರ ಸ್ವಲ್ಪ ಬೇರೆ: ‘ಆಧುನಿಕ ಆಹಾರೋತ್ಪಾದನೆ ಮತ್ತು ಪಶುಗಳ ಕ್ಷೇಮ’. ಹೆಸರು ದೊಡ್ಡದಾಯಿತು. ಊರ ಮಾತಿನಲ್ಲಿ ಹೇಳುವುದಾದರೆ, ನಮಗೆ ಅನ್ನ ಹಾಕುವ ಪ್ರಾಣಿಯನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ ಅನ್ನುವುದೇ ಪ್ರಶ್ನೆ. ಹಬ್ಬದ ದಿನ ಇದೆಂಥ ಪ್ರಶ್ನೆ ಅಂತ ಕೆಲವರಿಗೆ ಅನ್ನಿಸಬಹುದು. ಸಂಕ್ರಾಂತಿಯ ದಿನ ದನದ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವ ಜನ ನಾವು. ಹಬ್ಬದ ದಿನ ದನವನ್ನು ನೆನೆಯುವುದು ನಮಗೆ ಹೊಸದೇನೂ ಅಲ್ಲ.

ಹಾಲಿನ ಸಹಕಾರ ಹುಟ್ಟಿದ್ದೇ ಲೆಕ್ಕದ ಜಗಳದಿಂದ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ದಲ್ಲಾಳಿ ಹೇಳಿದ್ದೇ ಅಳತೆ, ಕೊಟ್ಟಿದ್ದೇ ಬೆಲೆ ಅನ್ನುವ ಕಾಲವಿತ್ತು. ರೈತರು ಹಾಲು ಹಾಕುವುದನ್ನೇ ನಿಲ್ಲಿಸಿ, ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಅದು ನೋಂದಣಿಯಾದದ್ದು 1946ರ ಡಿಸೆಂಬರ್ 14ರಂದು. ಆಮೇಲೆ 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬಂತು. ಡಾ. ವರ್ಗೀಸ್ ಕುರಿಯನ್ನರ ನೇತೃತ್ವದಲ್ಲಿ 1970ರಿಂದ 1996ರವರೆಗೆ ಆಪರೇಷನ್ ಫ್ಲಡ್ ನಡೆಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ಹಾಲು ಮಹಾಮಂಡಳಿ ಆದವು. 1970-71ರಲ್ಲಿ ದೇಶದಲ್ಲಿ ಆಗುತ್ತಿದ್ದ ಹಾಲು ಸುಮಾರು 2 ಕೋಟಿ 20 ಲಕ್ಷ ಟನ್. 2023-24ರಲ್ಲಿ ಸುಮಾರು 23 ಕೋಟಿ 90 ಲಕ್ಷ ಟನ್. ಇಷ್ಟು ಹಾಲಿನಲ್ಲಿ ಹೆಚ್ಚಿನದು ದೊಡ್ಡ ಫಾರಂಗಳಿಂದ ಬಂದದ್ದಲ್ಲ. ಮನೆಗೆ ಒಂದೋ ಎರಡೋ ಮೂರೋ ಹಸು, ಎಮ್ಮೆ ಕಟ್ಟಿಕೊಂಡವರಿಂದ ಬಂದದ್ದು. ಯಾರನ್ನು ಪೇಟೆಯವರು ಲೆಕ್ಕಕ್ಕೇ ಹಿಡಿದಿರಲಿಲ್ಲವೋ ಅವರನ್ನು ಲೆಕ್ಕಕ್ಕೆ ತಂದದ್ದು ಸಹಕಾರ ಸಂಘ. ಅದರ ದೊಡ್ಡತನ ಅದು.

ಈಗ ಡೇರಿಯಲ್ಲಿ ಕೊಡುವ ಚೀಟಿಯನ್ನು ನೋಡಿ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದರ ಎಷ್ಟು, ಮೊತ್ತ ಎಷ್ಟು. ಹಾಲಿನ ಬಗ್ಗೆ ಎಲ್ಲವೂ ಇದೆ. ಹಾಲು ಕೊಟ್ಟ ಹಸು ಮಲಗಿತೋ ಇಲ್ಲವೋ, ನೀರು ಕುಡಿಯಿತೋ ಇಲ್ಲವೋ, ಅದರ ಕರು ಇದೆಯೋ ಹೋಯಿತೋ, ಆ ಕಾಲಂ ಚೀಟಿಯಲ್ಲಿ ಇಲ್ಲ. ಮೆಷಿನ್ನಿಗೆ ಅದು ಗೊತ್ತಾಗೋದೂ ಇಲ್ಲ. ಯಾವುದಕ್ಕೆ ದುಡ್ಡು ಬರುತ್ತದೋ ಅದನ್ನು ಮಾತ್ರ ಅಳೆಯುವುದು, ಅಳತೆಗೆ ಸಿಕ್ಕದ್ದನ್ನು ಮರೆಯುವುದು: ಆಧುನಿಕ ಆಹಾರೋತ್ಪಾದನೆಯ ಕಾಯಿಲೆ ಇದೇ.

ಮೊದಲು ಹಸುವಿನ ಒಂದು ದಿನವನ್ನೇ ತೆಗೆದುಕೊಳ್ಳೋಣ. ಹಿಂದೆ ನಾಟಿ ದನ ಬೆಳಗ್ಗೆ ಗೋಮಾಳಕ್ಕೆ ಹೋಗಿ, ಮೇದು, ಕೆರೆಯಲ್ಲಿ ನೀರು ಕುಡಿದು, ಮರದ ನೆರಳಲ್ಲಿ ಮೆಲುಕು ಹಾಕಿ ಸಂಜೆಗೆ ತಾನೇ ಮನೆಗೆ ಬರುತ್ತಿತ್ತು. ಹಾಲು ಕಡಿಮೆ ಕೊಡುತ್ತಿತ್ತು ನಿಜ. ಈಗ ಗೋಮಾಳ ಬಹುಪಾಲು ಊರುಗಳಲ್ಲಿ ಹೆಸರಿಗಷ್ಟೇ ಉಳಿದಿದೆ. ಬಂದಿರುವುದು ಸೀಮೆ ಹಸು. ಹೋಲ್‌ಸ್ಟೀನ್ ತಳಿ ಹಾಲೆಂಡಿನ ಕಡೆಯದು, ಜರ್ಸಿ ಇಂಗ್ಲಿಷ್ ಕಾಲುವೆಯ ಒಂದು ದ್ವೀಪದ್ದು. ತಂಪು ದೇಶದ ರಕ್ತ ಅದು. ನಮ್ಮ ಚೈತ್ರ ವೈಶಾಖದ ಬಿಸಿಲಿನಲ್ಲಿ, ತಗ್ಗಿನ ಶೀಟಿನ ಸೂರಿನ ಕೆಳಗೆ, ಅದನ್ನು ಒಂದೇ ಗೂಟಕ್ಕೆ ಇಪ್ಪತ್ನಾಲ್ಕು ಗಂಟೆ ಕಟ್ಟಿದರೆ ಏನಾಗುತ್ತೆ? ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆಯೂ ಸರಿಯಾಗಿ ಕಾಣುವುದಿಲ್ಲ. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕು, ಏಳೆಂಟು ಗಂಟೆ ಮೆಲುಕು ಹಾಕಬೇಕು. ಬರೀ ಕಾಂಕ್ರೀಟಿನ ಮೇಲೆ, ಗೇಣುದ್ದದ ಹಗ್ಗದಲ್ಲಿ, ಸಗಣಿ ಗಂಜಲದ ನಡುವೆ ಅದು ಮಲಗೋದಾದರೂ ಹೇಗೆ? ನಿಂತೇ ಇದ್ದರೆ ಗೊರಸು ಕೆಡುತ್ತದೆ, ಕೊಳಕಿನಲ್ಲಿ ಮಲಗಿದರೆ ಕೆಚ್ಚಲು ಬಾವು.

ಇನ್ನು ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹೆಚ್ಚು ಹಾಲು ಕೊಡುವ ಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 100 ಲೀಟರ್‌ವರೆಗೂ ಕುಡಿಯುತ್ತದೆ. ಬೆಳಿಗ್ಗೆ ಒಂದು ಬಕೆಟ್ಟು, ಸಂಜೆ ಒಂದು ಬಕೆಟ್ಟು ಕಲಗಚ್ಚು ಇಟ್ಟು ‘ನೀರು ಕುಡಿಸಿದ್ದಾಯ್ತು’ ಅಂದರೆ ಉಳಿದ ಬಾಯಾರಿಕೆಯನ್ನು ಅದು ಯಾರಿಗೆ ಹೇಳಬೇಕು? ಬಾಯಿಲ್ಲದ ಪ್ರಾಣಿ.

ಹಸುವಿನ ಮನಸ್ಸು ಕೂಡ ಹಾಲಿನಲ್ಲಿದೆ ಅನ್ನುವುದು ಹಿಂಡುವ ತಾಯಂದಿರಿಗೆ ಗೊತ್ತು. ಕೆಚ್ಚಲು ಮುಟ್ಟಿದಾಗ, ಕರು ಬಾಯಿ ಹಾಕಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಅನ್ನುವ ರಸ ರಕ್ತಕ್ಕೆ ಇಳಿದು ಒಂದೆರಡು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಸೊರೆ ಬಿಡುವುದು ಅಂತೀವಲ್ಲ, ಅದೇ. ಹೆದರಿಸಿದರೆ, ಹೊಡೆದರೆ ಬೇರೊಂದು ರಸ ಎದ್ದು ಅದನ್ನು ತಡೆಯುತ್ತದೆ. ಹಸು ಹಾಲು ಏರಿಸಿಕೊಳ್ಳುತ್ತದೆ. ಕೆಲವು ಕಡೆ ಇದಕ್ಕೆ ಕಂಡುಕೊಂಡ ಅಡ್ಡದಾರಿ ದಿನಾ ಎರಡು ಹೊತ್ತು ಸೂಜಿ ಚುಚ್ಚುವುದು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಿ ಅದು. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ.

ಕರು ಸತ್ತ ಮೇಲೆ ಸೂಜಿ ಹುಡುಕುವವರೇ ಹೆಚ್ಚು. ಆದ್ದರಿಂದ ಈಗ ಕರುವಿನ ಮಾತಿಗೆ ಬರೋಣ.

ಹಸು ಈಯದೆ ಹಾಲಿಲ್ಲ. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಿಂದೆ ಹೋರಿಗರು ಹುಟ್ಟಿದರೆ ಮನೆಗೆ ಒಂದು ಹೆಗಲು ಬಂದ ಹಾಗೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ತೀರದ ದನ, ಹೀಗೆ ನಮ್ಮ ನಾಡಿನ ತಳಿಗಳು ಹೆಸರಾದದ್ದೇ ಎತ್ತುಗಳಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಹಸು ಬೆಣ್ಣೆಗೆ, ಹೋರಿ ದಂಡಿನ ಗಾಡಿಗೆ, ಎರಡಕ್ಕೂ ಬೆಲೆಯಿತ್ತು. ಈಗ ಉಳೋದು ಟ್ರ್ಯಾಕ್ಟರು, ಟಿಲ್ಲರು. ಗಬ್ಬ ಕಟ್ಟಿಸೋದು ಕಡ್ಡಿ. ಸೀಮೆ ಹಸುವಿನ ಹೋರಿಗರುವಿಗೆ ಹಿಣಿಲೂ ಇಲ್ಲ, ಬಿಸಿಲು ತಡೆಯುವ ಶಕ್ತಿಯೂ ಕಡಿಮೆ. ನೊಗಕ್ಕೆ ಬೇಕು ಅನ್ನುವವರಿಲ್ಲ.

ಇದು ನಮ್ಮೂರ ಮಾತಷ್ಟೇ ಅಲ್ಲ. ದೇಶದ ಜಾನುವಾರು ಗಣತಿಯೇ ಹೇಳುತ್ತದೆ. 2012ರಲ್ಲಿ ಗಂಡು ದನಗಳು ಸುಮಾರು 6 ಕೋಟಿ 80 ಲಕ್ಷ ಇದ್ದವು. 2019ರ ಗಣತಿಗೆ ಅವು ಸುಮಾರು 4 ಕೋಟಿ 70 ಲಕ್ಷಕ್ಕೆ ಇಳಿದವು. ಅದೇ ಏಳು ವರ್ಷದಲ್ಲಿ ಹೆಣ್ಣು ದನಗಳು ಸುಮಾರು 12 ಕೋಟಿ 30 ಲಕ್ಷದಿಂದ 14 ಕೋಟಿ 50 ಲಕ್ಷಕ್ಕೆ ಏರಿದವು. ಹಸುವಿನ ಗರ್ಭದಲ್ಲಿ ಈ ವ್ಯತ್ಯಾಸವಿಲ್ಲ. ಹುಟ್ಟುವಾಗ ಸಮ, ಎಣಿಸುವಾಗ ಒಂದಕ್ಕೆ ಮೂರು. ನಡುವೆ ಇದ್ದವು ಎಲ್ಲಿ ಹೋದವು?

ಎಲ್ಲಿ ಹೋದವು ಅನ್ನುವುದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರು ಕಡಿಮೆ. ಕೆಲವನ್ನು ಎಳೆಯದರಲ್ಲೇ ಮಾರುತ್ತಾರೆ. ಕೆಲವನ್ನು ರಾತ್ರಿ ಹೊತ್ತು ಪಕ್ಕದೂರಿನ ರಸ್ತೆಗೋ ದೇವಸ್ಥಾನದ ಬಯಲಿಗೋ ಬಿಟ್ಟು ಬರುತ್ತಾರೆ. ಇನ್ನು ಕೆಲವಕ್ಕೆ ಒಂದು ಕಣ್ಣಿ, ಒಂದು ಮೂಲೆ, ನಾಲ್ಕು ತೊಟ್ಟು ಹಾಲು. ಒಂದು ವಾರ, ಹತ್ತು ದಿನ ಭೇದಿ. ಆಮೇಲೆ ‘ಕರು ಉಳೀಲಿಲ್ಲ ಕಣಪ್ಪ’ ಅನ್ನುವ ಒಂದು ಮಾತು. ಯಾರೂ ಕೊಲ್ಲಲಿಲ್ಲ. ಆದರೆ ಅದು ಬದುಕಲೂ ಇಲ್ಲ. ಮಚ್ಚು ಹಿಡಿಯದೆ ಇದ್ದ ಮಾತ್ರಕ್ಕೆ ಕೈ ಶುದ್ಧ ಅನ್ನಲಿಕ್ಕೆ ಆಗುತ್ತದೆಯೇ? ಕರುವಿಗಾಗಿ ಹುಲಿಯ ಹತ್ತಿರ ಅವಧಿ ಬೇಡಿದ ಪುಣ್ಯಕೋಟಿಯ ಹಾಡನ್ನು ಮಕ್ಕಳಿಗೆ ಕಲಿಸುವ ನಾಡು ಇದು. ಕೊಟ್ಟಿಗೆಯ ಕರುವಿಗೆ ಅವಧಿ ಕೊಡಬೇಕಾದವರು ಈಗ ಹುಲಿಯಲ್ಲ, ನಾವು.

ಇದನ್ನು ಬರೀ ಕಲ್ಲು ಮನಸ್ಸಿನ ಮಾತು ಅಂತ ತಳ್ಳಿಹಾಕಬಾರದು. ಲೆಕ್ಕ ಹಾಕಿ ನೋಡಿ. ದಿನಕ್ಕೆ 2 ಲೀಟರಿನಂತೆ 60 ದಿನ ಕರುವಿಗೆ ಕೊಟ್ಟರೆ 120 ಲೀಟರ್. ಲೀಟರಿಗೆ 35 ರೂಪಾಯಿ ಅಂತ ಹಿಡಿದರೆ 4,200 ರೂಪಾಯಿ. ಆಮೇಲೆ ಮೇವು, ಔಷಧಿ. ಆ ಕರು ಬೆಳೆದ ಮೇಲೂ ತಿರುಗಿ ಒಂದು ರೂಪಾಯಿ ತರೋದಿಲ್ಲ. ಒಂದೂವರೆ ಎಕರೆ ಖುಷ್ಕಿ, ಎರಡು ಹಸು, ಸಾಲದ ಕಂತು ಇರುವ ಮನೆಗೆ ಇದು ಸಣ್ಣ ಮೊತ್ತವಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಕೈಬಿಡುವ ದಾರಿಯೂ ಕಿರಿದಾಗಿದೆ. ಆ ಕಾಯ್ದೆಯ ಪರ ವಿರೋಧದ ಮಾತು ಈ ವೇದಿಕೆಗೆ ಬೇಡ. ಕೊಲ್ಲಬಾರದು ಅಂತ ಸಮಾಜ ತೀರ್ಮಾನಿಸಿದರೆ ಸಾಕುವ ಖರ್ಚು ಯಾರದ್ದು ಅಂತಲೂ ತೀರ್ಮಾನಿಸಬೇಕು, ಅಷ್ಟೇ ನಮ್ಮ ಮಾತು. ಪಟ್ಟಣದಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವವರು ಆ ಖರ್ಚು ಕೊಟ್ಟಿಲ್ಲ. ಬಡವನೊಬ್ಬನೇ ಹೊರಲೂ ಆಗುವುದಿಲ್ಲ. ಕಡೆಗೆ ಅದನ್ನು ಹೊತ್ತದ್ದು ಯಾರು? ಆ ಕರು. ತನ್ನ ಹಸಿವಿನಿಂದ ಅದು ನಮ್ಮೆಲ್ಲರ ಬಾಕಿಯನ್ನು ತೀರಿಸುತ್ತಿದೆ.

ಪರದೇಶದ ಸುದ್ದಿ ಕೇಳಿದರೂ ಇದೇ ಕಥೆ. ಯೂರೋಪಿನಲ್ಲಿ ಹಾಲಿನ ಹಸುವಿನ ಗಂಡುಕರುಗಳನ್ನು ತಿರುಗಾಡಲೂ ಆಗದ ಮರದ ಗೂಡುಗಳಲ್ಲಿ ಮಾಂಸಕ್ಕಾಗಿ ಬೆಳೆಸುತ್ತಿದ್ದರು. ಅಂಥ ಗೂಡುಗಳನ್ನು ಬ್ರಿಟನ್ 1990ರಲ್ಲಿ, ಯೂರೋಪ್ ಒಕ್ಕೂಟ 2007ರಿಂದ ನಿಷೇಧಿಸಿದವು. ಮೊಟ್ಟೆ ಕೋಳಿಯ ತಳಿಯಲ್ಲಿ ಗಂಡು ಮರಿ ಮೊಟ್ಟೆಯಿಡುವುದಿಲ್ಲ, ಮಾಂಸಕ್ಕೂ ಗಿಟ್ಟುವುದಿಲ್ಲ. ಹುಟ್ಟಿದ ದಿನವೇ ಅವುಗಳನ್ನು ಕೋಟಿಗಟ್ಟಲೆ ಕೊಲ್ಲುವುದು ಲೋಕದ ರೂಢಿ. ಜರ್ಮನಿ 2022ರಿಂದ ಅದನ್ನು ನಿಲ್ಲಿಸಿತು. ಮೊಟ್ಟೆಯಿಡುವ ಹೆಣ್ಣಿನ ಗತಿಯೂ ಏನೂ ಹೆಚ್ಚಿನದಲ್ಲ. ತಂತಿಯ ಬೋನಿನಲ್ಲಿ ಒಂದು ಕೋಳಿಗೆ ಸಿಕ್ಕುವ ಜಾಗ ಅರ್ಜಿ ಬರೆಯುವ ಒಂದು ಬಿಳಿ ಹಾಳೆಯಷ್ಟೂ ಇರುವುದಿಲ್ಲ. ರೆಕ್ಕೆ ಬಿಚ್ಚಲಿಕ್ಕೆ ಆಗುವುದಿಲ್ಲ. ಹಾಲಾಗಲಿ ಮೊಟ್ಟೆಯಾಗಲಿ, ಉತ್ಪಾದನೆ ಒಂದೇ ಗುರಿಯಾದಾಗ ಕೊಡುವ ಪ್ರಾಣಿ ಯಂತ್ರವಾಗುತ್ತದೆ, ಕೊಡದ ಪ್ರಾಣಿ ಕಸವಾಗುತ್ತದೆ.

ಈ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ರೂತ್ ಹ್ಯಾರಿಸನ್ ಎಂಬ ಹೆಣ್ಣುಮಗಳು. ಪ್ರಾಣಿಗಳು ಯಂತ್ರಗಳಾಗಿವೆ ಅಂತ ಅವರು 1964ರಲ್ಲಿ ಪುಸ್ತಕ ಬರೆದರು. ಜನ ಎದ್ದರು, ಸರ್ಕಾರ ಸಮಿತಿ ನೇಮಿಸಿತು. 1965ರಲ್ಲಿ ಆ ಸಮಿತಿ ಹೇಳಿದ್ದು ಬಹಳ ಸಣ್ಣ ಮಾತು: ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗವಿರಬೇಕು. ಇದು 1979ರ ಹೊತ್ತಿಗೆ ‘ಐದು ಸ್ವಾತಂತ್ರ್ಯ’ಗಳಾಗಿ ಬೆಳೆಯಿತು. ಹಸಿವು ಬಾಯಾರಿಕೆ ಇಲ್ಲದಿರುವುದು, ಇಕ್ಕಟ್ಟು ಇರುಸುಮುರುಸು ಇಲ್ಲದಿರುವುದು, ನೋವು ರೋಗ ಇಲ್ಲದಿರುವುದು, ತನ್ನ ಹುಟ್ಟುಗುಣದಂತೆ ನಡೆದುಕೊಳ್ಳುವ ಅವಕಾಶ, ಹೆದರಿಕೆ ಸಂಕಟ ಇಲ್ಲದಿರುವುದು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2014ರ ಒಂದು ತೀರ್ಪಿನಲ್ಲಿ ಈ ಐದನ್ನು ಎತ್ತಿ ಹೇಳಿದೆ.

ಆದರೆ ನಾವು ಕಾನೂನಿಗಾಗಿ ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. 1950ರ ದಶಕದಲ್ಲೇ ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲರು ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದಿದ್ದರು. ಅದರ ಫಲವಾಗಿ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಂ ಓದಿದರೆ ನಮ್ಮ ಕೊಟ್ಟಿಗೆಗಳನ್ನು ನೋಡಿಯೇ ಬರೆದ ಹಾಗಿದೆ. ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು ತಪ್ಪು. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ತಪ್ಪು. ಹಸಿದು ಬಾಯಾರಿ ನರಳುವ ಹಾಗೆ ಬಿಟ್ಟು ಬರುವುದು ತಪ್ಪು. ದಂಡ ಮಾತ್ರ ಮೊದಲ ತಪ್ಪಿಗೆ 50 ರೂಪಾಯಿ ಮೀರುವುದಿಲ್ಲ. ಕಾನೂನು ಹೆದರಿಸಿ ಮಾಡಿಸುವ ಕೆಲಸ ಇದಲ್ಲ ಅಂತ ಅರ್ಥ.

‘ದನಕ್ಕೆ ಕೊಟ್ಟಿದ್ದು ದನಕ್ಕೇ ಇರುತ್ತೆ, ನಮಗೇನು’ ಅನ್ನುವವರಿಗೆ ರಾಮನಗರದ ರಣಹದ್ದಿನ ಕಥೆ ಹೇಳಬೇಕು. ಹಿಂದೆ ಸತ್ತ ದನವನ್ನು ಊರಾಚೆ ಹಾಕಿದರೆ ಹದ್ದುಗಳು ಇಳಿದು ಅರ್ಧ ದಿನದಲ್ಲಿ ಮೂಳೆ ಮಾಡುತ್ತಿದ್ದವು. 1990ರ ದಶಕದಲ್ಲಿ ಅವು ದೇಶದಾದ್ಯಂತ ಕಾಣೆಯಾದವು. ಕಾರಣ ಗೊತ್ತಾದದ್ದು 2004ರಲ್ಲಿ. ದನದ ಬಾವು ನೋವಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವೇ ಕೆಟ್ಟು ಸತ್ತವು. 2006ರಲ್ಲಿ ಭಾರತ ದನಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಉಳಿದ ನಾಲ್ಕು ಹದ್ದುಗಳಿಗಾಗಿ 2012ರಲ್ಲಿ ರಾಮದೇವರ ಬೆಟ್ಟವನ್ನು ಅಭಯಧಾಮ ಮಾಡಬೇಕಾಯಿತು. ಕೊಟ್ಟಿಗೆಯಲ್ಲಿ ಚುಚ್ಚಿದ್ದು ಬೆಟ್ಟದ ತುದಿಯವರೆಗೆ ಹೋಯಿತು.

ಮನೆಯ ಮಗುವಿನ ಲೋಟಕ್ಕೆ ಹೋಗುವುದು ಅದಕ್ಕಿಂತ ಹತ್ತಿರದ ದಾರಿ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ನೀರು, ಯೂರಿಯಾ ಬೆರಕೆ ಅಂತ ಎಲ್ಲರೂ ಹೆದರಿದ್ದರು. ಅಪಾಯದ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಆದರೆ 77 ಮಾದರಿಗಳಲ್ಲಿ ಮಿತಿ ಮೀರಿದ ಆಂಟಿಬಯೋಟಿಕ್, 368ರಲ್ಲಿ ಮಿತಿ ಮೀರಿದ ಅಫ್ಲಾಟಾಕ್ಸಿನ್ ಅನ್ನುವ ವಿಷ ಇತ್ತು. ಈ ವಿಷ ಬರೋದು ಬೂಷ್ಟು ಹಿಡಿದ ಹಿಂಡಿ, ಮೇವಿನಿಂದ. ಅಂದರೆ ಹಾಲನ್ನು ಕೆಡಿಸಿದ್ದು ಮಾರುವವನ ಕೈಯಲ್ಲ, ಹಸುವಿನ ಮುಂದಿಟ್ಟ ಬೋಗುಣಿ. ಬೂಷ್ಟು ಬಂದದ್ದನ್ನು ‘ದನಕ್ಕೆ ಹಾಕು’ ಅನ್ನುವ ಮಾತು ಇನ್ನಾದರೂ ಹೋಗಬೇಕು. ಹಸುವಿನ ಕ್ಷೇಮ ಬೇರೆ, ನಮ್ಮ ಕ್ಷೇಮ ಬೇರೆ ಅಲ್ಲ.

ಹಾಗಾದರೆ ಏನು ಮಾಡೋಣ? ದೊಡ್ಡ ಮಾತು ಬಿಟ್ಟು ಕೈಗೆಟುಕುವ ಕೆಲವನ್ನು ಸಭೆಯ ಮುಂದೆ ಇಡುತ್ತೇವೆ.

ಒಂದು, ನೀರು ಮತ್ತು ಹಗ್ಗ. ಕೊಟ್ಟಿಗೆಯಲ್ಲಿ ಹಗಲು ರಾತ್ರಿ ಹಸುವಿನ ಬಾಯಿಗೆ ಸಿಕ್ಕುವಂತೆ ನೀರಿನ ತೊಟ್ಟಿ ಇರಲಿ. ದಿನಕ್ಕೆ ಎರಡು ಗಂಟೆಯಾದರೂ ಬಿಚ್ಚಿ ಬಿಡಿ. ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು, ಸುತ್ತ ಗಳು ಕಟ್ಟಿ, ಮೇಲೆ ಸೋಗೆ ಹೊದಿಸಿದರೆ ಸಾಕು, ಎಂಜಿನಿಯರ್ ಬೇಕಿಲ್ಲ. ಮಲಗುವ ಜಾಗಕ್ಕೆ ರಬ್ಬರ್ ಮ್ಯಾಟ್ ಇಲ್ಲದಿದ್ದರೆ ಒಣ ಹುಲ್ಲಾದರೂ ಇರಲಿ.

ಎರಡು, ಗಿಣ್ಣು. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಅದು ಬರೋದು ತಾಯಿಯ ಗಿಣ್ಣುಹಾಲಿನಿಂದ, ಅದೂ ಮೊದಲ ದಿನ ಮಾತ್ರ ಕರುಳು ಅದನ್ನು ಹೀರಿಕೊಳ್ಳುತ್ತದೆ. ಕಸ ಬೀಳುವ ತನಕ ಕುಡಿಸಬಾರದು ಅನ್ನುವ ನಂಬಿಕೆ ಕರುವಿಗೆ ಕಂಟಕ. ಕರು ಚೀಪಿದರೆ ಕಸ ಬೇಗ ಬೀಳುತ್ತದೆಯೇ ಹೊರತು ತಡವಾಗುವುದಿಲ್ಲ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ. ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲು. 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಹೆಣ್ಣೋ ಗಂಡೋ ನೋಡಬೇಡಿ. ಗಿಣ್ಣು ನೆಂಟರಿಗೆ ಹಂಚುವುದು ಕರುವಿನ ಹೊಟ್ಟೆ ತುಂಬಿದ ಮೇಲೆ.

ಮೂರು, ಔಷಧಿ. ಕೆಚ್ಚಲು ಬಾವಿಗೆ ಸೂಜಿ ಹಾಕಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಬರಬಾರದು. ಆ ದಿನಗಳ ನಷ್ಟವನ್ನು ಸದಸ್ಯನೊಬ್ಬನ ತಲೆಗೇ ಕಟ್ಟಿದರೆ ಯಾರೂ ನಿಜ ಹೇಳುವುದಿಲ್ಲ. ಸಂಘ ಅದರಲ್ಲಿ ಒಂದು ಪಾಲು ಹೊರಬೇಕು.

ನಾಲ್ಕು, ಹುಟ್ಟಿಸುವ ಮೊದಲೇ ಯೋಚನೆ. ಹೆಣ್ಣುಕರುವೇ ಆಗುವಂತೆ ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣು. ಬೇಡದ ಕರುವನ್ನು ಹುಟ್ಟಿಸಿ ಸಾಯಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಆದರೆ ಉಳಿದ ಹತ್ತು ಹುಟ್ಟಿಯೇ ಹುಟ್ಟುತ್ತವೆ. ಕಡ್ಡಿ ಬಂತು ಅಂತ ಪ್ರಶ್ನೆ ತೀರುವುದಿಲ್ಲ.

ಐದನೆಯದು ಮುಖ್ಯ. ಸಂಘದಲ್ಲಿ ಒಂದು ಕರುವಿನ ಪುಸ್ತಕ ಇಡೋಣ. ಯಾವ ಮನೆಯಲ್ಲಿ ಕರು ಹುಟ್ಟಿತು, ಗಂಡೋ ಹೆಣ್ಣೋ, ಮೂರು ತಿಂಗಳಿಗೆ ಹೇಗಿದೆ, ಅಷ್ಟನ್ನು ಬರೆದಿಡೋಣ. ಜೊತೆಗೆ ಲೀಟರಿಗೆ 10 ಪೈಸೆಯಂತೆ ಕರುನಿಧಿಗೆ ತೆಗೆದಿಡೋಣ. ದಿನಕ್ಕೆ 500 ಲೀಟರ್ ಬರುವ ಸಂಘದಲ್ಲಿ ಅದು ದಿನಕ್ಕೆ 50 ರೂಪಾಯಿ, ವರ್ಷಕ್ಕೆ 18,250 ರೂಪಾಯಿ. ಇದರಿಂದ ಊರಿನ ಎಲ್ಲಾ ಹೋರಿಗರುಗಳನ್ನು ಕಡೆತನಕ ಸಾಕಲಿಕ್ಕೆ ಆಗುವುದಿಲ್ಲ, ಅದು ನಮಗೂ ಗೊತ್ತು. ಆದರೆ ತೀರಾ ಕಷ್ಟದಲ್ಲಿರುವ ಮನೆಗಳ ಕರುಗಳಿಗೆ ಎರಡು ತಿಂಗಳ ಹಾಲಿನ ಒಂದು ಪಾಲು, ಜಂತುಹುಳುವಿನ ಔಷಧಿ, ಬತ್ತಿದ ಹಸುವಿಗೆ ಬರಗಾಲದ ಮೇವು, ಇಷ್ಟು ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕರು ಸತ್ತರೆ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ. ಬರೆಯಬೇಕು ಅಂದಾಗ ಮನುಷ್ಯ ಸ್ವಲ್ಪ ತಡೆದು ಯೋಚಿಸುತ್ತಾನೆ.

ಹತ್ತು ಪೈಸೆಯೂ ಹೊರೆಯೇ ಅನ್ನುವ ಮಾತು ಬರುತ್ತದೆ. ಹಿಂಡಿ ಬೂಸದ ಬೆಲೆ ಏರಿರುವಾಗ ಆ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಇದನ್ನು ಒಬ್ಬೊಬ್ಬರ ಮೇಲೆ ಬಿಡದೆ ಸಂಘದ ಮುಂದೆ ತಂದಿದ್ದೇವೆ. ಒಬ್ಬನಿಗೆ ಆಗದ್ದು ಹತ್ತು ಜನಕ್ಕೆ ಆಗುತ್ತದೆ ಅನ್ನುವುದೇ ಸಹಕಾರದ ಮೊದಲ ಪಾಠ. ನಾಳೆ ನಾವೇ ಒಕ್ಕೂಟದ ಮುಂದೆ, ಸರ್ಕಾರದ ಮುಂದೆ ನಿಂತು ಗ್ರಾಹಕರ ಬೆಲೆಯಲ್ಲೂ ಕರುವಿನ ಪಾಲು ಸೇರಲಿ ಅಂತ ಕೇಳಬಹುದು. ಆದರೆ ಕೇಳುವ ಬಾಯಿಗೆ ಬಲ ಬರಬೇಕಾದರೆ ಮೊದಲು ನಮ್ಮ ಪುಸ್ತಕದಲ್ಲಿ ಕರುವಿನ ಹೆಸರು ಇರಬೇಕು.

ಲೆಕ್ಕಕ್ಕೆ ಬಾರದಿದ್ದ ಬಡವನನ್ನು ಲೆಕ್ಕಕ್ಕೆ ತಂದ ಸಂಘ, ಅವನ ಕೊಟ್ಟಿಗೆಯ ಮೂಲೆಯಲ್ಲಿರುವ ಜೀವವನ್ನೂ ಲೆಕ್ಕಕ್ಕೆ ತರಲಿ. ಬರುವ ಸರ್ವಸದಸ್ಯರ ಸಭೆಯಲ್ಲಿ ಕರುವಿನ ಪುಸ್ತಕ ಮತ್ತು ಕರುನಿಧಿಯನ್ನು ಠರಾವಾಗಿ ಮಂಡಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಆಗದು ಅನ್ನುವವರು ಅಂದೇ ಎದ್ದು ಹೇಳಲಿ, ಚರ್ಚೆಯಾಗಲಿ. ಸುಮ್ಮನಿರುವುದು ಮಾತ್ರ ಬೇಡ.



ಜೈ ಸಹಕಾರ, ಜೈ ಕರ್ನಾಟಕ.